ಆನೆ ಆಯದ ಮನೆ

ದೊಡ್ಡವರ ಪಾದದ ವಿಷಯವನ್ನು ನಗೆಗೆ ತರುವುದು ತಪ್ಪೆಂದು ನನಗೂ ಗೊತ್ತು. ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನನಗಿಂತ ಚೆನ್ನಾಗಿ ಹೇಳಬಲ್ಲವರು ಮಂಡ್ಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಾರೂ ಬಾಯಿ ಬಿಡದ್ದರಿಂದ ನಾನು ಹೇಳುತ್ತಿದ್ದೇನೆ. ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ಎಲ್ಲಕ್ಕೂ ಮೂಲ ಒಂದು ಚಿಲಕ. ಪುಟ್ಟರಾಜು ಮಂಡ್ಯದಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಗುಮಾಸ್ತ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಮಲ್ಲಿಗಮ್ಮ ಇದ್ದದ್ದು ದುದ್ದದಲ್ಲಿ, ಹದಿಮೂರು ಜನರ ಮನೆಯಲ್ಲಿ. ಶನಿವಾರ ಸಂಜೆ ಇವನು ಸೈಕಲ್ ತುಳಿದು ಊರು ಸೇರುತ್ತಿದ್ದ. ಗಂಡ ಹೆಂಡಿರು ಒಂದು ಮಾತು ಶುರುಮಾಡಿದರೆ ಮನೆಯವರು ಯಾರಾದರೂ ಅದನ್ನು ಮುಗಿಸಿಕೊಡುತ್ತಿದ್ದರು. ಒಳಗಿನಿಂದ ತಾವೇ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಸಿಕ್ಕರೆ ಸಾಕಾಗಿತ್ತು ಇಬ್ಬರಿಗೂ.

ಆದರೆ ಅದು ಯುದ್ಧದ ಕಾಲ. ಸೀಮೆಎಣ್ಣೆಯಾದರೂ ಸಿಕ್ಕೀತು, ಬಾಡಿಗೆ ಮನೆ ಸಿಗದು. ಹೇಗೋ ನಾಲ್ಕು ಮನೆ ಖಾಲಿಯಿರುವ ಸುದ್ದಿ ಹಿಡಿದು, ಒಂದು ಭಾನುವಾರ ಪುಟ್ಟರಾಜು ಹೆಂಡತಿಯನ್ನು ಕರೆಸಿದ. ಸಲಹೆ ಕೊಡಲೆಂದು ಅವಳ ಜೊತೆ ಅವನ ತಂದೆ ದೊಡ್ಡಸಿದ್ದಯ್ಯನವರು ಹೊರಟರು. ಬೀಗರು ಹೊರಟಿದ್ದಾರೆಂದು ತಿಳಿದ ಮೇಲೆ ಮಾವ ಕರಿಯಪ್ಪನವರು ಸುಮ್ಮನಿರುತ್ತಾರೆಯೆ? ಮಳವಳ್ಳಿಯಿಂದ ಮೊದಲ ಬಸ್ಸಿಗೇ ಬಂದಿಳಿದರು.

ದೊಡ್ಡಸಿದ್ದಯ್ಯನವರಿಗೆ ಆಯ ನೋಡುವ ವಿದ್ಯೆ ಗೊತ್ತಿತ್ತು. ಮನೆಯ ಉದ್ದಗಲವನ್ನು ಯಜಮಾನನ ಪಾದದಿಂದ ಅಳೆದು, ಗುಣಿಸಿ, ಎಂಟರಿಂದ ಭಾಗಿಸಬೇಕು. ಶೇಷ ಬೆಸ ಬಂದರೆ ಬಾವುಟ, ಸಿಂಹ, ಎತ್ತು, ಆನೆ, ಬಾಳಬಹುದು. ಸಮ ಬಂದರೆ ಹೊಗೆ, ನಾಯಿ, ಕತ್ತೆ, ಕಾಗೆ, ಉಳಿಗಾಲವಿಲ್ಲ. ಯಜಮಾನ ಯಾರು ಎಂಬ ಪ್ರಶ್ನೆ ಆ ಮನೆತನದಲ್ಲಿ ಅದುವರೆಗೆ ಹುಟ್ಟಿಯೇ ಇರಲಿಲ್ಲವಾದ್ದರಿಂದ ಅವರೇ ಅಳೆದರು.

ಸ್ಟೇಷನ್ ಹತ್ತಿರದ ಮನೆಗೆ ಕಾಗೆ ಬಂತು. ಪೇಟೆ ಬೀದಿಯದಕ್ಕೆ ಹೊಗೆ. ಮೂರನೆಯದಕ್ಕೆ ಕತ್ತೆ ಬಂದಾಗ ಆ ಮನೆಯವನು, ನಮ್ಮ ಮೂರು ತಲೆಮಾರು ಬಾಳಿದ ಮನೆ ಇದು, ಹಾಗಾದರೆ ನಾವೇನು ಎಂದು ಕೇಳಿ ತೋಳು ಮಡಿಸಿದ. ಕರಿಯಪ್ಪನವರು ಆಯವನ್ನು ನಂಬುವವರಲ್ಲ. ಅವರು ಮೂರು ಕಡೆಯೂ ಬಾವಿಗೆ ಬಗ್ಗಿ ನೋಡಿ, ನೀರು ಒಗರು ಎಂದರು, ಕುಡಿಯದೆಯೇ. ಅಷ್ಟರಲ್ಲಿ ಕೆಲಸವಿಲ್ಲದ ನಾಲ್ಕೈದು ಜನ, ಹೆಣ್ಣು ನೋಡಲು ಹೊರಟವರಂತೆ ಹಿಂದೆ ಬಿದ್ದಿದ್ದರು.

ನಾಲ್ಕನೆಯದು ಲಾರಿ ರಿಪೇರಿ ಮಾಡುವ ನಯಾಜ್ ಪಾಷಾನದು. ಹೊಸ ಹೆಂಚು, ಎರಡು ಕೋಣೆ, ಮುಂದೆ ಜಗಲಿ. ಬಾಗಿಲಿಗೆ ಅವನೇ ಬಡಿದು ಮಾಡಿದ ಹೆಬ್ಬೆರಳು ದಪ್ಪದ ಕಬ್ಬಿಣದ ಚಿಲಕ. ಮಲ್ಲಿಗಮ್ಮ ಅದನ್ನು ಒಮ್ಮೆ ಹಾಕಿದಳು, ಒಮ್ಮೆ ತೆಗೆದಳು. ಆಮೇಲೆ ಗಂಡನ ಕಡೆ ನೋಡಿದಳು. ಪುಟ್ಟರಾಜುವಿಗೆ ಅಷ್ಟು ಸಾಕಾಯಿತು.

"ಸಂಜೆಗೆ ಹನಕೆರೆ ಮೇಷ್ಟ್ರು ಬತ್ತಾರೆ. ಬೇಕಾದ್ರೆ ಈಗ್ಲೇ ಹೇಳ್ಬುಡಿ ಸ್ವಾಮಿ," ಎಂದ ನಯಾಜ್ ಪಾಷಾ.

ಮಟಮಟ ಮಧ್ಯಾಹ್ನ. ಬೀಗರಿಬ್ಬರೂ ಗೇಟಿನ ಬಳಿ ಮೆಟ್ಟು ಬಿಟ್ಟರು. ದೊಡ್ಡಸಿದ್ದಯ್ಯನವರು ಗೋಡೆಯ ಹೊರಗೆ ಬರಿಗಾಲಲ್ಲಿ ಅಳೆಯತೊಡಗಿದರು. ಕಾದ ನೆಲದ ಮೇಲೆ ಅವರ ಹೆಜ್ಜೆ, ಬಾಣಲೆಗೆ ಬಿದ್ದ ಹುರಳಿಯಂತೆ ಸಿಡಿಯಿತು. ಉದ್ದ ಇಪ್ಪತ್ತೆಂಟು, ಅಗಲ ಹದಿನೇಳು. ಶೇಷ ನಾಲ್ಕು.

"ನಾಯಿ ಕಣ್ಲಾ. ನಡೀರಿ."

ಬಿಸಿಲಲ್ಲಿ ಬಂದವರೆಂದು ನಯಾಜ್ ಪಾಷಾ ಎಳನೀರು ಕೆತ್ತಿಸಿದ. ಹಿರಿಯರಿಬ್ಬರು ಕುಡಿಯುತ್ತಿರುವಾಗ ಪುಟ್ಟರಾಜು ಗೇಟಿನ ಬಳಿಯಿಂದ ಒಂದು ದೊಡ್ಡ ಮೆಟ್ಟು ಎತ್ತಿಕೊಂಡು ಮನೆಯ ಹಿಂದಕ್ಕೆ ಜಾರಿದ. ಮಂಡಿಯೂರಿ, ಗೋಡೆಯುದ್ದಕ್ಕೂ ಮೆಟ್ಟಿನ ಮುಂದೆ ಮೆಟ್ಟು ಇಡುತ್ತ ತೆವಳಿದ.

"ಚೇಳು ಬಂತಾ ಸ್ವಾಮಿ?" ಎಂದ ನಯಾಜ್ ಪಾಷಾ, ಮೂಲೆಯಿಂದ ಇಣುಕಿ.

ಉದ್ದ ಇಪ್ಪತ್ತೈದು, ಅಗಲ ಹದಿನೈದು. ಎಂಟರಿಂದ ಭಾಗಿಸಿದರೆ ಉಳಿದದ್ದು ಏಳು. ಆನೆ! ದಿನಕ್ಕೆ ನೂರು ಗಾಡಿ ಲೆಕ್ಕ ಬರೆಯುವವನು, ನಂಬದೆ ಮೂರು ಸಲ ಭಾಗಿಸಿದ.

ಗೇಟಿಗೆ ಓಡಿ ಇನ್ನೊಂದನ್ನೂ ತಂದು, ಭರತನಿಗೂ ಇರದ ಭಕ್ತಿಯಿಂದ ಆ ಜೊತೆಯನ್ನು ತಂದೆಯ ಮುಂದಿಟ್ಟ.

"ಅಪ್ಪಾ, ನೆಲ ಕೆಂಡ ಆಗದೆ. ನೀನು ಕಾಲು ಊರ್ಲೇ ಇಲ್ಲ, ಬರೀ ಎಗರ್ದೆ. ಲೆಕ್ಕ ತಪ್ಪಿರ್ತದೆ. ಮೆಟ್ಕಂಡು ಇನ್ನೊಂದ್ ಸಲ ಅಳೆದ್ಬುಡು."

ದೊಡ್ಡಸಿದ್ದಯ್ಯನವರು ಮೆಟ್ಟಿನ ಕಡೆ ನೋಡಿದರು. ಮಗನ ಕಡೆ ನೋಡಿದರು. ಮೆಟ್ಟಿಕೊಂಡು ಹೊರಟರು. ಹೆಜ್ಜೆಹೆಜ್ಜೆಗೂ ಮೆಟ್ಟು ಹಿಮ್ಮಡಿಗೆ ಪಟಪಟ ಬಡಿಯಿತು. ಆನೆಯೇ ಬಂತು. ಪುಟ್ಟರಾಜು ಅಲ್ಲೇ ಬೀಗದ ಕೈ ಇಸಿದುಕೊಂಡ. ಮಲ್ಲಿಗಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ತಂದೆ ಜಗಲಿಯ ಮೇಲೆ ಕೂತು ಗೋಡೆಗೆ ಒರಗಿದರು.

"ನಮ್ಮ ವಂಸದಲ್ಲೇ ಯಾರಿಗೂ ಆನೆ ಆಯ ಬಂದಿರ್ಲಿಲ್ಲ. ನನ್ನ ಪಾದಕ್ಕೆ ಬಂದದೆ. ಅಳೆದ ಪಾದ ಒಳಗಿಲ್ದಿದ್ರೆ ಆನೆ ತಿರುಗಿ ಬೀಳ್ತದೆ ಕಣ್ಲಾ. ಸುಕ್ರವಾರ ನಿಮ್ಮವ್ವನ್ನೂ ಕರ್ಕಂಡು ಬತ್ತೀನಿ."

ಮಲ್ಲಿಗಮ್ಮನ ಸೆರಗು ಕೆಳಗಿಳಿಯಿತು. ನಗು ಅಲ್ಲಿರಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಬರಿಗಾಲಲ್ಲಿ ನಿಂತಿದ್ದ ಕರಿಯಪ್ಪನವರು ಕೆಮ್ಮಿದರು. ಅಲ್ಲಿ ಉಳಿದಿದ್ದದ್ದು ಒಂದು ಚಿಕ್ಕ ಜೊತೆ ಮಾತ್ರ.

"ಬೀಗ್ರೇ, ಪಾದ ನಿಮ್ದೇ, ಇಲ್ಲ ಅನ್ನಕಿಲ್ಲ. ಮೆಟ್ಟು ನಂದು. ಬರೀ ಪಾದಕ್ಕೆ ಬಂದದ್ದು ನಾಯಿ."

ಆಯವನ್ನು ನಂಬದವರು ಅಂದು ನಂಬಿದರು. ಆನೆ ಪಾದದ್ದೋ ಮೆಟ್ಟಿನದೋ ಎಂಬ ವಾದ ಒಂದು ಗಂಟೆ ನಡೆಯಿತು. ಹಿಂದೆ ಬಂದಿದ್ದವರು ಎರಡು ಪಂಗಡವಾದರು. ಕೊನೆಗೆ ನ್ಯಾಯ ನಯಾಜ್ ಪಾಷಾನ ಮುಂದೆ ಬಂತು. ಅವನಿಗೆ ಲಾರಿ ಕೆಲಸ ಕಾಯುತ್ತಿತ್ತು.

"ಇಬ್ರೂ ಇರಿ ಸ್ವಾಮಿ. ಆನೆ ದೊಡ್ದು."

ಶುಕ್ರವಾರ ಹಾಲು ಉಕ್ಕಿತು. ಒಂದು ಕೋಣೆಗೆ ದುದ್ದದವರು, ಇನ್ನೊಂದಕ್ಕೆ ಮಳವಳ್ಳಿಯವರು ಹಾಸಿಗೆ ಬಿಡಿಸಿದರು. ಊಟವಾದ ಮೇಲೆ ಹೆಬ್ಬೆರಳು ದಪ್ಪದ ಚಿಲಕ ಒಳಗಿನಿಂದ ಭದ್ರವಾಗಿ ಬಿತ್ತು. ಪುಟ್ಟರಾಜು, ಮಲ್ಲಿಗಮ್ಮ ಹೊರಗೆ ಜಗಲಿಯ ಮೇಲಿದ್ದರು.

"ಅಂತೂ ಚಿಲಕ ಬಿತ್ತು," ಎಂದಳು ಮಲ್ಲಿಗಮ್ಮ.

"ಯಾರದು ಮಾತಾಡೋದು?" ಎಂದು ಒಳಗಿನಿಂದ ಎರಡು ದನಿ ಒಟ್ಟಿಗೆ ಕೇಳಿದವು.

ವರ್ಷಗಟ್ಟಲೆ ಚಿಕ್ಕ ಮೆಟ್ಟು ಮೆಟ್ಟಿದ ಕಾಲಿಗೆ ಅಂದು ದೊಡ್ಡದು ಹೇಗೆ ತಿಳಿಯಲಿಲ್ಲ? ತನ್ನ ಮೆಟ್ಟು ಬೀಗರ ಕಾಲಲ್ಲಿ ಮನೆಯ ಸುತ್ತ ನಡೆದಾಗ ಕರಿಯಪ್ಪನವರು ಯಾಕೆ ಬಾಯಿ ಬಿಡಲಿಲ್ಲ? ಪುಟ್ಟರಾಜು ಇದುವರೆಗೂ ಕೇಳಿಲ್ಲ. ನನಗಂತೂ ಗೊತ್ತಿಲ್ಲ.