ಅಡ್ಮಿರಲ್‌ನ ಕೇಸ್ ಶೀಟ್

"ಧೂಳು ಒರೆಸೋದು ಅಂದ್ರೆ ಏನು ಮಹಾಯುದ್ಧನಾ? ಹನ್ನೊಂದಕ್ಕೆ ಶುರು, ಹನ್ನೊಂದೂವರೆಗೆ ವಿಜಯ," ಎಂದು ಕ್ಯಾಪ್ಟನ್ ಬೆಳಿಗ್ಗೆಯೇ ಘೋಷಿಸಿದ.

ಕ್ಯಾಪ್ಟನ್ ಎಂಬುದು ವಿಮಾ ಕಚೇರಿಯವರು ತಮ್ಮ ಹೆಡ್ ಕ್ಲರ್ಕನಿಗೆ ಇಟ್ಟ ಹೆಸರು. ಬಸ್ಸು ಹತ್ತಿದರೇ ಹೊಟ್ಟೆ ತೊಳಸುವ ಮನುಷ್ಯ ಅವನು. ಆದರೆ ಅವನ ನಡುಮನೆಯ ಗೋಡೆಯಲ್ಲಿ ಮೂವತ್ತೊಂದು ಚೌಕಟ್ಟುಗಳು. ಒಳಗೆ ಹಳೆಯ ನೌಕಾವೀರರ ಹಸ್ತಾಕ್ಷರ, ಪದಕ, ಕೋಟಿನ ಗುಂಡಿ, ಹರಿದ ಧ್ವಜದ ಚೂರು. ಅಂದು ಸಂಜೆ ನಾಲ್ಕಕ್ಕೆ ಸಂಗ್ರಾಹಕರ ಸಂಘದ ಕಾರ್ಯದರ್ಶಿ ನೋಡಲು ಬರುವವರಿದ್ದರು. ಮೆಚ್ಚಿದರೆ ಸದಸ್ಯತ್ವ. ಅದಕ್ಕಾಗಿ ಕ್ಯಾಪ್ಟನ್ ಒಂಬತ್ತು ವರ್ಷದಿಂದ ಬಾಯಿ ಬಾಯಿ ಬಿಡುತ್ತಿದ್ದ.

ವಾರಕ್ಕೊಮ್ಮೆ ಮೂವತ್ತೊಂದನ್ನೂ ಒರೆಸುತ್ತಿದ್ದವಳು ಹೆಂಡತಿ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ಅವಳಿಗೆ ಅಂದು ಬೆಳಗಿನ ಪಾಳಿ.

"ಒರೆಸಿ, ನನಗೂ ಸಂತೋಷವೇ. ಮೊದಲು ಹಿಂದೆ ಅಂಟಿಸಿರೋ ಚೀಟಿ ಓದಿ," ಎಂದಳು ಚಪ್ಪಲಿ ಮೆಟ್ಟುತ್ತಾ.

"ವೀರರಿಗೆ ಮುಖ ನೋಡಿ ಸಲಾಮು ಹೊಡೀಬೇಕು ಕಣೇ, ಬೆನ್ನು ನೋಡಿ ಅಲ್ಲ."

"ನಿಮ್ಮಿಷ್ಟ ಕಣ್ರೀ."

ಮಧ್ಯಾಹ್ನ ಒಂದಕ್ಕೆ ಆಗಿದ್ದು ಒಂಬತ್ತು. ಮೊದಲನೆಯದರಿಂದ ಎದ್ದ ಧೂಳು ಎರಡನೆಯದರ ಮೇಲೆ ಕೂತಿತ್ತು. ಕಿಟಕಿ ತೆರೆದರೆ ರಸ್ತೆಯ ಧೂಳು, ಮುಚ್ಚಿದರೆ ಹಣೆಯ ಬೆವರು. ಸ್ಟೂಲು ಹತ್ತಿದ, ಇಳಿದ, ಬಾಗಿಲಿಗೆ ಓಡಿ ರಸ್ತೆ ನೋಡಿದ, ಮತ್ತೆ ಹತ್ತಿದ. ಊಟ ಮರೆತೇಹೋಯಿತು. ಕೊನೆಗೆ ಬಕೆಟ್ಟಿಗೆ ಸೋಪು ಕಲಸಿ ಒದ್ದೆ ಬಟ್ಟೆಯನ್ನೇ ರಣರಂಗಕ್ಕೆ ಇಳಿಸಿದ.

ಮೂರೂ ಇಪ್ಪತ್ತಕ್ಕೆ ಗಡ್ಡದ ಅಡ್ಮಿರಲ್‌ನ ಸರದಿ. ಸಂಗ್ರಹದ ಕಿರೀಟ ಅದು. ಹಡಗಿಗೆ ಮುನ್ನೂರು ಜೊತೆ ಕಾಲುಚೀಲ ಕಳಿಸಿರೆಂದು ಬರೆದು, ಕೆಳಗೆ ಗಂಭೀರವಾಗಿ ರುಜು ಹಾಕಿದ ಪತ್ರ. ಒರೆಸಿದ. ಬಟ್ಟೆ ನೀಲಿಯಾಯಿತು. ಅಬ್ಬಾ, ಎಷ್ಟು ವರ್ಷದ ಕೊಳೆ ಎಂದುಕೊಂಡು ಇನ್ನೂ ಬಲವಾಗಿ ತಿಕ್ಕಿದ.

ಕಾಲುಚೀಲಗಳೆಲ್ಲ ನೀರುಪಾಲಾದ ಮೇಲೆ ತಿಳಿಯಿತು, ಆ ಚೌಕಟ್ಟಿಗೆ ಗಾಜೇ ಇರಲಿಲ್ಲ.

ಪತ್ರವನ್ನು ಹೊರತೆಗೆದು ಫ್ಯಾನಿಗೆ ಹಿಡಿದ. ಕಾಗದ ಹಾರಿ ಸೋಫಾದ ಕೆಳಗೆ ಹೋಯಿತು. ಎಳೆದು ತಂದು, ಹೆಂಡತಿಯ ಯೂನಿಫಾರ್ಮಿನ ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದ. ನೀಲಿ ಸಮುದ್ರದ ಮೇಲೆ ಕಂದು ಹಾಯಿಯೊಂದು ಮೂಡಿತು. ಅದನ್ನು ಚೌಕಟ್ಟಿಗೆ ತುರುಕುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಬಾಗಿಲಲ್ಲಿ ಕಾರ್ಯದರ್ಶಿ, ಹಿಂದೆಯೇ ಹೆಂಡತಿ. ನಕ್ಷೆ ಬಿಡಿಸುವ ಕೆಲಸದಿಂದ ನಿವೃತ್ತರಾದ ಹೆಂಗಸು ಆ ಕಾರ್ಯದರ್ಶಿ. ನೇರವಾಗಿ ಅಡ್ಮಿರಲ್‌ನ ಎದುರು ನಿಂತರು.

"ಇದಕ್ಕೇನಾಯ್ತು?"

"ಯುದ್ಧದಲ್ಲಿ ಸಮುದ್ರದ ನೀರು ತಾಕಿದೆ ಮೇಡಂ."

ಅವರು ಮೂಸಿದರು. "ಸಮುದ್ರದಿಂದ ನಿಂಬೆ ಸೋಪಿನ ವಾಸನೆ ಬರ್ತಿದೆಯಲ್ಲಾ."

ಚೌಕಟ್ಟು ತಿರುವಿ, ಹಿಂದಿನ ಚೀಟಿಯನ್ನು ಗಟ್ಟಿಯಾಗಿ ಓದಿದರು. "ಮನೆ ಬದಲಿಸುವಾಗ ಗಾಜು ಒಡೆದಿದೆ. ಯಜಮಾನರಿಗೆ ಮೂರು ಸಲ ಹೇಳಿದೆ, ಹ್ಞೂಂ ಅಂದರು. ನೀರು ಕೂಡದು. ಮೃದು ಬ್ರಶ್ ಮಾತ್ರ." ಕೆಳಗೆ ವಾರವಾರದ ತಾರೀಖು, ಪುಟ್ಟ ರುಜು.

ಆಮೇಲೆ ಅವರು ಒಂದು ಚೌಕಟ್ಟಿನ ಮುಖವನ್ನೂ ನೋಡಲಿಲ್ಲ. ಮೂವತ್ತೊಂದರ ಬೆನ್ನನ್ನೂ ಓದಿದರು. ಯಾವ ಪದಕಕ್ಕೆ ತುಕ್ಕು, ಯಾವುದರ ಮೇಲೆ ಮಧ್ಯಾಹ್ನ ಎರಡರ ಬಿಸಿಲು, ಯಾವುದರೊಳಗೆ ಹುಳು, ಎಲ್ಲ ಅಲ್ಲಿತ್ತು.

"ಇಂಥ ದಾಖಲೆ ಯಾರ ಮನೆಯಲ್ಲೂ ನೋಡಿಲ್ಲ. ಸದಸ್ಯತ್ವ ಕೊಡ್ತೀನಿ."

ಕ್ಯಾಪ್ಟನ್ ಎದೆ ಉಬ್ಬಿಸಿದ. ಅರ್ಜಿ ಅವನ ಎದೆಯ ಮುಂದೆಯೇ ಹಾದು ಹೆಂಡತಿಯ ಕೈ ಸೇರಿತು.

"ನನಗ್ಯಾಕೆ ಮೇಡಂ? ಸಂಗ್ರಹ ಇವರದು."

"ಅವರು ಗೋಡೆಗೆ ಮೊಳೆ ಹೊಡೆದಿರಬಹುದು. ಉಳಿಸಿದವರು ನೀವು."

"ಮೊಳೆನೂ ನಾನೇ ಹೊಡೆದಿದ್ದು."

ಅರ್ಜಿ ತುಂಬಿದ ಪೆನ್ನಿನಲ್ಲೇ ಅವಳು ಅಡ್ಮಿರಲ್‌ನ ಚೀಟಿಯಲ್ಲೂ ಬರೆದಳು. "ಒದ್ದೆ ಬಟ್ಟೆ. ನಂತರ ಇಸ್ತ್ರಿ. ರೋಗಿ ಉಳಿಯಲಿಲ್ಲ." ಆಮೇಲೆ ಪೆನ್ನನ್ನು ಗಂಡನತ್ತ ಚಾಚಿದಳು.

"ಡ್ಯೂಟಿಲಿ ಇದ್ದವರು ಸೈನ್ ಮಾಡ್ಬೇಕು ರೀ."

ಮಾಡಿದ.

ಆ ಚೌಕಟ್ಟು ಈಗ ಬೆನ್ನು ಈಚೆ ಮಾಡಿಕೊಂಡು ನೇತಾಡುತ್ತಿದೆ. ವೀರರ ಗೋಡೆಯಲ್ಲಿ ಕ್ಯಾಪ್ಟನ್ನನ ಹಸ್ತಾಕ್ಷರಕ್ಕೂ ಜಾಗ ಸಿಕ್ಕಿತು. ವಾರಕ್ಕೊಮ್ಮೆ ಅವನೇ ಅದನ್ನು ಒರೆಸುತ್ತಾನೆ, ಮೃದು ಬ್ರಶ್ಶಿನಲ್ಲಿ.