ಕುಂದ್ರಿಸಿ ತೆಗೆದ ಫೋಟೋ

ಸೂಗಪ್ಪನಿಗೆ ತನ್ನ ತಂದೆಯ ಮೀಸೆ ನೆನಪಾಗದೆ ಹೋದದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಒಂದು ಮುಂಜಾನೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿ ನೋಡಿದವನಿಗೆ, ಅಪ್ಪನ ಮೀಸೆ ಕೆಳಗಿಳಿದಿತ್ತೋ ಮೇಲಕ್ಕೆ ತಿರುಗಿತ್ತೋ ಎಂಬ ಸಂಶಯ ಬಂತು. ರುಮಾಲು ನೆನಪಾಯಿತು, ಕೈಯಲ್ಲಿನ ಬಾರುಕೋಲು ನೆನಪಾಯಿತು, ಬೈಗುಳಗಳಂತೂ ಒಂದಕ್ಷರ ಬಿಡದೆ ನೆನಪಾದವು. ನಡುವಿನ ಮುಖ ಮಾತ್ರ ಎಷ್ಟು ತಿಣುಕಿದರೂ ಬರಲೊಲ್ಲದು. ಒಲೆಯ ಮುಂದೆ ಕುಳಿತಿದ್ದ ತಾಯಿ ಗುರುಲಿಂಗಮ್ಮನನ್ನು ಕೇಳಿದ.

"ಅಪ್ಪನ ಮುಖ ಹೆಂಗಿತ್ತಬೇ?"

"ಚೆಂದ ಇತ್ತು," ಎಂದಳು ಆಕೆ ರೊಟ್ಟಿ ತಿರುವಿ ಹಾಕುತ್ತ. "ನಿನ್ನಂಗ ಇರಲಿಲ್ಲ."

ಸೂಗಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಾವುಕಾರರೊಬ್ಬರ ಬಳಿ ಗುಮಾಸ್ತ. ಸಂತೆಯಲ್ಲಿ ಕಳೆದ ಮೇಕೆಮರಿಯಂಥ ಸಾಧು ಮನುಷ್ಯ. ಆದರೆ ಆ ದಿನ ಅವನಿಗೊಂದು ಭಯ ಹೊಕ್ಕಿತು. ಅಪ್ಪನ ಮುಖ ಹೋದಂತೆ ನಾಳೆ ಅವ್ವನ ಮುಖವೂ ಹೋದರೆ? ಆ ಮನೆಯ ಹಬ್ಬಗಳೆಲ್ಲ ಅವಳ ಕೈಯಲ್ಲೇ ಹುಟ್ಟುತ್ತಿದ್ದವು. ಯುಗಾದಿಯ ಬೇವಿನಿಂದ ಹಿಡಿದು ಕಾಳು, ಸೊಪ್ಪು ಕೂಡಿಸಿ ಕುದಿಸುವ ಎಳ್ಳಮಾವಾಸ್ಯೆಯ ಭಜ್ಜಿಯವರೆಗೆ ಅವಳಿಲ್ಲದ ಹಬ್ಬವನ್ನು ಅವನು ಕಂಡೇ ಇರಲಿಲ್ಲ. ತನ್ನ ಮೊಮ್ಮಕ್ಕಳು ಕೇಳಿದರೆ ತೋರಿಸಲು ಅವ್ವನ ಒಂದು ಫೋಟೋ ಮನೆಯಲ್ಲಿರಲೇಬೇಕೆಂದು ಅಂದೇ ನಿಶ್ಚಯಿಸಿದ.

ನಿಶ್ಚಯ ಸುಲಭ, ನಡೆಸುವುದು ಕಷ್ಟ. ಯಾಕೆಂದರೆ ಅವರ ಬೊಮ್ಮನಾಳದಲ್ಲಿ ಬದುಕಿದ್ದವರ ಫೋಟೋ ತೆಗೆಯುವ ರೂಢಿ ಇರಲಿಲ್ಲ. ಊರಲ್ಲಿ ಯಾರಾದರೂ ಲಿಂಗೈಕ್ಯರಾದರೆ, ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕುಂದ್ರಿಸುತ್ತಿದ್ದರು. ಆಗ ವಾಡಿಯಿಂದ ಗುಲಾಮ ದಸ್ತಗೀರ ಮೂರು ಕಾಲಿನ ಕ್ಯಾಮೆರಾ ಹೊತ್ತು ಬಂದು, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಫೋಟೋ ತೆಗೆದು ಹೋಗುತ್ತಿದ್ದ. ಸೂಗಪ್ಪನ ತಂದೆ ಸತ್ತದ್ದು ಕಾಗಿಣಾ ತುಂಬಿ ಹರಿಯುವ ಮಳೆಗಾಲದಲ್ಲಿ. ದಸ್ತಗೀರ ಹೊಳೆ ದಾಟಲಾರದೆ ಹೋದದ್ದರಿಂದ ಆ ಮೀಸೆ ಮಣ್ಣು ಸೇರಿತ್ತು. ಹೈದರಾಬಾದಿನ ಸರಕಾರ ಬದಲಾಯಿತು, ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು, ಬೊಮ್ಮನಾಳದಲ್ಲಿ ಫೋಟೋದ ಅರ್ಥ ಮಾತ್ರ ಬದಲಾಗಲಿಲ್ಲ. ಯಾರಾದರೂ ಸತ್ತರೆ "ಫೋಟೋ ಆದ" ಎಂದೇ ಊರಲ್ಲಿ ಹೇಳುತ್ತಿದ್ದರು.

ಹೀಗಿರುವಾಗ ಗುರುಲಿಂಗಮ್ಮ ಒಪ್ಪುವುದು ಹೇಗೆ? ಯುಗಾದಿಗೆ ಕೇಳಿದರೆ, ವರ್ಷದ ಮೊದಲ ದಿನವೇ ಅಪಶಕುನ ನುಡಿಯಬೇಡ ಎಂದಳು. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿಯುವಾಗ ಕೇಳಿದರೆ, ಎತ್ತಿನದು ತೆಗೆಸು, ಅವು ಬೇಡ ಅನ್ನುವುದಿಲ್ಲ ಎಂದಳು. ಪಂಚಮಿಯಲ್ಲಿ ಜೋಕಾಲಿಯ ಮೇಲೆ ಕುಳಿತಾಗ ಮಾತೆತ್ತಿದ್ದಕ್ಕೆ ಜೋಕಾಲಿಯಿಂದ ಇಳಿದೇಬಿಟ್ಟಳು. ದೀಪಾವಳಿಗೆ ಸೆಗಣಿಯ ಪಾಂಡವರನ್ನು ಕೂಡಿಸುವ ಹೊತ್ತಿಗೆ ಸೂಗಪ್ಪ ಕೇಳುವುದನ್ನು ಬಿಟ್ಟು ಬರೀ ನಿಟ್ಟುಸಿರು ಬಿಡಲು ಕಲಿತಿದ್ದ. ಬೇಡಿಕೆಗೆ ಬಗ್ಗದ ತಾಯಿ ನಿಟ್ಟುಸಿರಿಗೆ ಕರಗಿದಳು.

"ಗ್ವಾಡಿಗಿ ಒರಗಿಸಬ್ಯಾಡ, ಮಾಲಿ ಹಾಕಬ್ಯಾಡ," ಎಂದು ಕರಾರು ಹಾಕಿದಳು. "ಎಳ್ಳಮಾಸಿ ದಿನ ಹೊಲದಾಗ, ಬೆಳಿ ನಡುವ, ಮಕ್ಕಳು ಮರಿ ಕೂಡ ತೆಗಿಸು. ನೋಡಿದವರಿಗಿ ಜೀವ ಇದ್ದಾಕಿ ಅಂತ ತಿಳೀಬೇಕು."

ಎಳ್ಳಮಾವಾಸ್ಯೆಯ ದಿನ ಮೂಡಲು ಕೆಂಪಾಗುವ ಮೊದಲೇ ಸೂಗಪ್ಪನ ಸಂಸಾರ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಯಿತು. ಸಜ್ಜೆಯ ಕಡುಬು, ರೊಟ್ಟಿ, ಭಜ್ಜಿಯ ಗಡಿಗೆಗಳ ಜೊತೆಗೆ ಈ ಸಲ ಮನೆಯ ಒಂದೇ ಒಂದು ಕುರ್ಚಿಯೂ ಬಂಡಿ ಏರಿತ್ತು. ದಸ್ತಗೀರನಿಗೆ ಮೊದಲೇ ಹೇಳಿ ಬಂದಿದ್ದರಿಂದ ಅವನು ಬಿಸಿಲೇರುವ ಹೊತ್ತಿಗೆ ಊರ ಅಗಸಿ ಬಾಗಿಲ ಹತ್ತಿರ ಬಂದಿಳಿದ. ಅಲ್ಲಿ ಕಟ್ಟೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟುಕೊಂಡು ಬಂಡಿಯ ದಾರಿ ಕಾಯುತ್ತಿದ್ದವಳು ಸೂಗಪ್ಪನ ಪಕ್ಕದ ಮನೆಯ ಬಸ್ಸಮ್ಮ. ಅವಳ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದ ಹಾಗೆ. ಕ್ಯಾಮೆರಾದ ಮೂರು ಕಾಲು ಕಂಡದ್ದೇ ತಡ, ಬಸ್ಸಮ್ಮ ಬುಟ್ಟಿ ಎತ್ತಿಕೊಂಡು ಎದ್ದು ನಿಂತಳು.

"ಯಾರದ್ರಿ ಸಾಬ್ರೆ?" ಎಂದು ಮೆಲ್ಲಗೆ ಕೇಳಿದಳು.

"ಸೂಗಪ್ಪಣ್ಣನ ತಾಯಿದವ್ವಾ. ಹೊಲದಾಗ ಕುಂದ್ರಿಸ್ತಾರಂತ. ದಾರಿ ಯಾ ಕಡಿ ಅದ?"

ದಸ್ತಗೀರ ಇದ್ದದ್ದನ್ನೇ ಹೇಳಿದ್ದ. ಆದರೆ ಫೋಟೋ, ಕುಂದ್ರಿಸುವುದು, ಹೊಲ ಎಂಬ ಮಾತುಗಳನ್ನು ಒಟ್ಟಿಗೆ ಕೇಳಿದ ಬೊಮ್ಮನಾಳದ ಯಾವ ಜೀವ ಬೇರೆ ಅರ್ಥ ಮಾಡೀತು? ಅವರಲ್ಲಿ ಕುಂದ್ರಿಸಿ ಸಮಾಧಿ ಮಾಡುತ್ತಿದ್ದದ್ದೂ ಸ್ವಂತ ಹೊಲದಲ್ಲೇ. ಬಸ್ಸಮ್ಮ ಬೆರಳು ಮಾಡಿ ದಾರಿ ತೋರಿಸಿದಳು, ಬುಟ್ಟಿ ಕೆಳಗಿಟ್ಟಳು, ಸೆರಗು ಬಾಯಿಗೆ ಒತ್ತಿಕೊಂಡು ದನಿ ತೆಗೆದಳು.

ಮುಂದಿನ ಕೆಲಸವನ್ನು ಊರು ತಾನಾಗಿಯೇ ಹಂಚಿಕೊಂಡಿತು. ಹಬ್ಬಕ್ಕೆ ಹೊರಟ ಬಂಡಿಗಳು ಅಲ್ಲಲ್ಲೇ ನಿಂತವು. ಸಾವಿನ ಸಂಸ್ಕಾರ ಮಾಡಿಸುವ ಮಡಿವಾಳಯ್ಯ ಸ್ವಾಮಿಗಳು ಬಾಯಿಗಿಟ್ಟಿದ್ದ ಕಡುಬನ್ನು ಬಿಟ್ಟು ವಿಭೂತಿ, ಗಂಟೆ ತೆಗೆದುಕೊಂಡರು. ಸೂಗಪ್ಪನ ಬದುವಿನಾಚೆಯ ಹೊಲದ ಶಿವರಾಯ, ಯಾರ ಮನೆಯ ಕೆಲಸಕ್ಕಾದರೂ ಕರೆಯುವ ಮೊದಲೇ ಬರುವವನು, ಗುದ್ದಲಿ ಹೆಗಲಿಗೇರಿಸಿದ. ಅಷ್ಟಕ್ಕೇ ಬಿಡದೆ ತನ್ನ ತಮ್ಮನನ್ನು ಸೈಕಲ್ಲಿನ ಮೇಲೆ ಚಿತ್ತಾಪುರಕ್ಕೆ ಓಡಿಸಿದ. ಅಲ್ಲಿ ಸೂಗಪ್ಪನ ದೊಡ್ಡಪ್ಪ ಕಲ್ಯಾಣಪ್ಪ ಇದ್ದರು. ಹಿರಿಯರು ಬಾರದೆ ಮಣ್ಣು ಕೊಡುವುದು ಸರಿಯಲ್ಲವೆಂದು ಎಲ್ಲರೂ ಒಪ್ಪಿದರು.

ಇತ್ತ ಹೊಲದಲ್ಲಿ ಆಳೆತ್ತರದ ಜೋಳದ ನಡುವೆ ಕುರ್ಚಿ ಹಾಕಿ, ಹಣೆಗೆ ವಿಭೂತಿ ಹಚ್ಚಿದ ಗುರುಲಿಂಗಮ್ಮನನ್ನು ಕುಳ್ಳಿರಿಸಲಾಗಿತ್ತು. ಹಿಂದೆ ಸೂಗಪ್ಪ, ಅವನ ಹೆಂಡತಿ ಶಿವಕಾಂತಮ್ಮ, ಮಕ್ಕಳು ನಿಂತಿದ್ದರು. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದದ್ದರಿಂದ ದಸ್ತಗೀರ ಒಂದು ಉಪಾಯ ಹೇಳಿದ. ಎಲ್ಲರೂ ತಲೆ ತಗ್ಗಿಸಿ ನಿಲ್ಲಬೇಕು, ಅಮ್ಮಾಜಿ ಕಣ್ಣು ಮುಚ್ಚಿ ಕೂಡಬೇಕು, ತಾನು ಹೂಂ ಅಂದಾಗ ಕಣ್ಣು ಬಿಡಬೇಕು, ಅಲ್ಲಿಯವರೆಗೆ ಬಿಲ್ಕುಲ್ ಅಲುಗಾಡಬಾರದು. ಗುರುಲಿಂಗಮ್ಮ ಮಾಡಿದರೆ ಪೂರಾ ಮಾಡುವವಳು. ಉಸಿರನ್ನೂ ಹಿಡಿದು ಕಲ್ಲಿನ ಹಾಗೆ ಕುಳಿತಳು.

ಅದೇ ಗಳಿಗೆಗೆ ಊರು ಜೋಳ ಸರಿಸಿಕೊಂಡು ಒಳಗೆ ಬಂತು. ಕುರ್ಚಿಯ ಮೇಲೆ ಕಣ್ಣು ಮುಚ್ಚಿದ ಮುದುಕಿ, ಹಿಂದೆ ತಲೆ ತಗ್ಗಿಸಿದ ಮಗ, ಸೊಸೆ. ಇನ್ನೇನು ಸಾಕ್ಷಿ ಬೇಕು? ಬಸ್ಸಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಓಡಿಬಂದು ಕುರ್ಚಿಯ ಬುಡದಲ್ಲಿ ಕುಸಿದಳು.

ಅಳುವ ದನಿ ಕೇಳಿ ಗುರುಲಿಂಗಮ್ಮ ಕಣ್ಣು ಬಿಟ್ಟಳು. ಆ ಸೀಮೆಯ ರೀತಿ ಗೊತ್ತಲ್ಲ, ಅಳುತ್ತ ಬಂದವರ ಕೊರಳು ಹಿಡಿದು ಮೊದಲು ಅಳಬೇಕು, ಹೋದವರು ಯಾರೆಂದು ಆಮೇಲೆ ಕೇಳಬೇಕು. ಆಕೆ ತಡಮಾಡದೆ ಕುರ್ಚಿಯಿಂದ ಇಳಿದು, ಬಸ್ಸಮ್ಮನ ಪಕ್ಕ ಕುಳಿತು, ಅವಳ ಕೊರಳು ತಬ್ಬಿಕೊಂಡು ದನಿ ಕೂಡಿಸಿದಳು.

"ಅಂಥಾಕಿ ಇನ್ನ ಹುಟ್ಟಂಗಿಲ್ಲಬೇ," ಎಂದು ಬಸ್ಸಮ್ಮ ಸೆರಗಿನೊಳಗಿಂದ ಹಾಡಿ ಅತ್ತಳು.

"ಇಲ್ಲಬೇ, ಹುಟ್ಟಂಗಿಲ್ಲ," ಎಂದು ಗುರುಲಿಂಗಮ್ಮ ಒಪ್ಪಿದಳು.

"ಆಕಿ ಮಾಡೋ ಭಜ್ಜಿ ಇನ್ನ ಯಾರು ಮಾಡ್ತಾರಬೇ."

ಗುರುಲಿಂಗಮ್ಮನಿಗೆ ಇದು ಸ್ವಲ್ಪ ಚುಚ್ಚಿತು. ತನಗಿಂತ ಚೆನ್ನಾಗಿ ಭಜ್ಜಿ ಮಾಡುವವಳು ಊರಲ್ಲಿ ಇದ್ದಳೆಂಬುದೇ ಆಕೆಗೆ ಹೊಸ ಸಂಗತಿ.

"ಯಾರ ಭಜ್ಜಿ?" ಎಂದು ಅಳು ನಿಲ್ಲಿಸಿ ಕೇಳಿದಳು.

"ಗುರುಲಿಂಗಕ್ಕಂದು," ಎಂದ ಬಸ್ಸಮ್ಮ ಸೆರಗು ಸರಿಸಿದಳು, ತನ್ನನ್ನು ತಬ್ಬಿದವಳ ಮುಖ ನೋಡಿದಳು, ಮರುಕ್ಷಣ ಜೋಳದೊಳಗೆ ಕಾಣೆಯಾದಳು. ದೆವ್ವವೆಂದುಕೊಂಡು ಅರ್ಧ ಊರು ಅವಳ ಹಿಂದೆ ಓಡಿತು. ಗಾಬರಿಯಲ್ಲಿ ದಸ್ತಗೀರನ ಕೈ ಲೆನ್ಸಿನ ಮುಚ್ಚಳಕ್ಕೆ ತಗುಲಿ, ಫೋಟೋ ಮೂಡಲು ತಂದಿದ್ದ ಮೂರು ಗಾಜಿನ ಪ್ಲೇಟುಗಳಲ್ಲಿ ಒಂದು ಓಡುವವರ ಬೆನ್ನುಗಳಿಗೆ ಖರ್ಚಾಯಿತು.

ಓಡಿದವರನ್ನು ಹಿಂದಕ್ಕೆ ಕರೆದು, ಅವ್ವ ಬದುಕಿದ್ದಾಳೆಂದು ನಂಬಿಸುವಷ್ಟರಲ್ಲಿ ಸೂಗಪ್ಪನ ಗಂಟಲು ಕಟ್ಟಿತು. ಸ್ವಾಮಿಗಳು ಮಾತ್ರ ಸುಲಭಕ್ಕೆ ನಂಬಲಿಲ್ಲ. ಬದುಕಿದ್ದವರ ಫೋಟೋ ಹೇಗಿರುತ್ತದೆಂದು ನೋಡುವ ಕುತೂಹಲದಿಂದ, ದಸ್ತಗೀರ ಅತ್ತ ತಿರುಗಿದ್ದಾಗ, ಅವನ ಪೆಟ್ಟಿಗೆಯಿಂದ ಇನ್ನೊಂದು ಪ್ಲೇಟು ಹೊರತೆಗೆದು ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಯಾರೂ ಕಾಣಲಿಲ್ಲ. ಬಿಸಿಲು ಬಿದ್ದ ಪ್ಲೇಟು ಹಾಳಾಯಿತೆಂದು ದಸ್ತಗೀರ ತಲೆಗೆ ಕೈ ಹಚ್ಚಿದ. ಇನ್ನು ಉಳಿದದ್ದು ಒಂದೇ ಪ್ಲೇಟು ಎಂದು ಅವನು ಹೇಳಿದಾಗ ಸೂಗಪ್ಪ ಸ್ವಾಮಿಗಳನ್ನು ಪೆಟ್ಟಿಗೆಯಿಂದ ದೂರ ಸರಿಸಿದ.

ಅಷ್ಟರಲ್ಲಿ ಹೊಲದ ಮೂಲೆಯಿಂದ ಬೆವರೊರೆಸಿಕೊಳ್ಳುತ್ತ ಶಿವರಾಯ ಬಂದ. ಈ ಗದ್ದಲ ಒಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಸೂಗಪ್ಪನ ತಂದೆಯ ಸಮಾಧಿಯ ಪಕ್ಕದಲ್ಲಿ, ಹಾಲುಗಾಳಿನ ಜೋಳ ಕಿತ್ತೊಗೆದು, ತಗ್ಗು ತಯಾರು ಮಾಡಿದ್ದ. ಗುರುಲಿಂಗಮ್ಮ ತಾನೇ ಹೋಗಿ ಬಗ್ಗಿ ನೋಡಿದಳು.

"ಕಾಲು ಮಡಚಿ ಕುಂತರೂ ನಾ ಇದರಾಗ ಹಿಡಿಯಂಗಿಲ್ಲೋ ಶಿವರಾಯ," ಎಂದಳು. "ಕೆಲಸ ಮಾಡಿದರ ನೆಟ್ಟಗ ಮಾಡಬೇಕಪ್ಪ."

ಅಲ್ಲಿಗೆ ಊರು ಗೊಳ್ಳೆಂದು ನಕ್ಕಿತು. ಅಷ್ಟೇ ಅಲ್ಲ, ತನ್ನ ಬಗ್ಗೆ ಊರೆಲ್ಲ ಏನು ಹೇಳಿ ಅಳುತ್ತದೆಂಬುದನ್ನು ಬದುಕಿದ್ದಾಗಲೇ ಕೇಳುವ ಭಾಗ್ಯ ಎಷ್ಟು ಜನರಿಗೆ ಬಂದೀತು? ಗುರುಲಿಂಗಮ್ಮನ ಮುಖ ಅರಳಿತ್ತು. ಯಾರೂ ಕರೆಯದೆ ತಾನೇ ಹೋಗಿ ಕುರ್ಚಿಯಲ್ಲಿ ಕುಳಿತು, ಬಂದವರೆಲ್ಲ ನಿಲ್ಲಲಿ, ಒಟ್ಟಿಗೇ ತೆಗೆಯಲಿ ಎಂದಳು. ಸ್ವಾಮಿಗಳು ಬಲಕ್ಕೆ ನಿಂತರು, ಬಸ್ಸಮ್ಮ ಎಡಕ್ಕೆ, ಶಿವರಾಯ ಗುದ್ದಲಿ ಬಿಡಲೊಲ್ಲದೆ ಹಿಂದೆ. ಮೋಡದ ಒಂದು ತುಣುಕು ಸೂರ್ಯನಿಗೆ ಅಡ್ಡ ಬಂದಿದ್ದರಿಂದ ಬಿಸಿಲೂ ಮೆತ್ತಗಾಗಿತ್ತು. ಸೂಗಪ್ಪ ಒಂದು ಸಲ ಬಗ್ಗಿ ತಾಯಿಯ ಮುಖ ನೋಡಿದ. ಹಲ್ಲು ಹೋದ ಬಾಯಿಯ ನಗು, ಕೆನ್ನೆಯ ಮೇಲೆ ಇನ್ನೂ ಒಣಗದ ಕಣ್ಣೀರು. ಈ ಮುಖ ಇನ್ನು ಮನೆ ಬಿಟ್ಟು ಹೋಗುವುದಿಲ್ಲವೆಂದು ಅವನಿಗೆ ಸಂತೋಷದಿಂದ ಅಳು ಬಂದಂತಾಯಿತು. ಅವಳ ಕುರ್ಚಿಯ ಹಿಂದೆ ನೆಟ್ಟಗೆ ನಿಂತು ಲೆನ್ಸಿನಲ್ಲಿ ಕಣ್ಣು ನೆಟ್ಟ.

ದಸ್ತಗೀರ ಮುಚ್ಚಳದ ಮೇಲೆ ಕೈ ಇಟ್ಟಿದ್ದ. ಆಗ ಬದುವಿನ ಮೇಲೆ ಬಂಡಿಯೊಂದು ಬಂದು ನಿಂತು, ಚಿತ್ತಾಪುರದ ಕಲ್ಯಾಣಪ್ಪ ದೊಡ್ಡಪ್ಪ ಕೋಲೂರಿಕೊಂಡು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಇಳಿದರು. ತಮ್ಮನ ಹೆಂಡತಿಗೆ ಮಣ್ಣು ಕೊಡಲು ಬಂದ ಮುದುಕರು ಕ್ಯಾಮೆರಾದ ಪಕ್ಕಕ್ಕೇ ಬಂದು ಬೆಪ್ಪಾಗಿ ನಿಂತರು. ಸೂಗಪ್ಪನಿಗೆ ಅವರನ್ನು ಮಾತಾಡಿಸಬೇಕೆನಿಸಿತು. ಆದರೆ ಇರುವುದು ಒಂದೇ ಪ್ಲೇಟು, ಅವನು ರೆಪ್ಪೆಯನ್ನೂ ಬಡಿಯಲಿಲ್ಲ. ದಸ್ತಗೀರ ಮುದುಕರತ್ತ ತಿರುಗಿ, ಜರಾ ಬಾಜೂಕ ಸರೀರಿ ಎನ್ನುತ್ತಲೇ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಆತ್ರಿ," ಎಂದ. "ಯಾರೂ ಹಿಲಲಿಲ್ಲ, ಅಲುಗಲಿಲ್ಲ. ಫಸ್ಟಕ್ಲಾಸ್ ಬರ್ತದ."

ಆಮೇಲೆ ಅಲ್ಲಿ ನಡೆದದ್ದು ಹಬ್ಬ. ಊರಿನ ಬುತ್ತಿಗಳೆಲ್ಲ ಸೂಗಪ್ಪನ ಹೊಲಕ್ಕೇ ಬಂದವು, ಬೆಳೆಗೆ ನೈವೇದ್ಯದ ಚರಗ ಚೆಲ್ಲುವ ಕೂಗು ಅಲ್ಲಿಂದಲೇ ಎದ್ದಿತು. ವಿಷಯ ತಿಳಿದ ದೊಡ್ಡಪ್ಪ ನಕ್ಕು ಎರಡೆರಡು ಸಲ ಭಜ್ಜಿ ಹಾಕಿಸಿಕೊಂಡರು. ತುಳಿದು ಹೋದ ಜೋಳವನ್ನು ಕಂಡು ಶಿವಕಾಂತಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. ಸೂಗಪ್ಪನಿಗೆ ಅದು ನಾಟಲಿಲ್ಲ. ಅವನ ಕೆಲಸ ಕೈಗೂಡಿತ್ತು.

ಸಂಕ್ರಾಂತಿ ಕಳೆದ ಮೇಲೆ ದಸ್ತಗೀರ ಕಟ್ಟು ಹಾಕಿದ ಫೋಟೋ ತಂದುಕೊಟ್ಟ. ಯಾಕೋ ಚಹಾಕ್ಕೂ ನಿಲ್ಲದೆ ಹೊರಟುಹೋದ. ಸೂಗಪ್ಪ ಕಾಗದ ಬಿಚ್ಚಿದ. ಮಡಿವಾಳಯ್ಯ ಸ್ವಾಮಿಗಳ ಹಣೆಯ ವಿಭೂತಿಯ ಗೆರೆಗಳು ಎಣಿಸುವಂತೆ ಬಂದಿದ್ದವು. ಬಸ್ಸಮ್ಮನ ಮೂಗುಬೊಟ್ಟು ಹೊಳೆಯುತ್ತಿತ್ತು. ಶಿವರಾಯನ ಗುದ್ದಲಿಗೆ ಮೆತ್ತಿದ ಮಣ್ಣೂ ಕಾಣುತ್ತಿತ್ತು. ಎಲ್ಲರ ನಟ್ಟನಡುವೆ, ಕುರ್ಚಿಯ ಮೇಲೆ, ನೆತ್ತಿಯಿಂದ ಗದ್ದದ ಕೆಳಗಿನವರೆಗೆ ಸೆರಗು ಎಳೆದುಕೊಂಡ ಒಂದು ಇಳಕಲ್ ಸೀರೆ ಕುಳಿತಿತ್ತು.

"ಅವ್ವಾ," ಎಂದ ಸೂಗಪ್ಪ.

"ಭಾವನೋರು ಎದುರಿಗಿ ಬಂದು ನಿಂತರಲ್ಲೋ," ಎಂದಳು ಗುರುಲಿಂಗಮ್ಮ ಸಹಜವಾಗಿ. "ಈ ಮನಿ ಹೊಸ್ತಿಲು ತುಳಿದಾಗಿಂದ ಅವರಿಗಿ ಮುಖ ತೋರಿಸಿದಾಕಿ ಅಲ್ಲ ನಾ." ಆಮೇಲೆ ಫೋಟೋವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ಹಿಡಿದು ನೋಡಿದಳು. ಎಷ್ಟು ಮರ್ಯಾದೆಯಿಂದ ಬಂದಿದ್ದೇನೆಂದು ಸೊಸೆಯನ್ನೂ ಕರೆದು ತೋರಿಸಿದಳು.

ಸೂಗಪ್ಪ ಸಾವರಿಸಿಕೊಂಡ. ಬರುವ ಯುಗಾದಿಗೆ ಮತ್ತೊಂದು ತೆಗೆಸೋಣ, ಮನೆಯ ಬಾಗಿಲು ಹಾಕಿಕೊಂಡು ತೆಗೆಸೋಣ, ದೊಡ್ಡಪ್ಪನವರಿಗೆ ಸುದ್ದಿಯೇ ಹತ್ತದಂತೆ ನೋಡಿಕೊಳ್ಳುತ್ತೇನೆ ಎಂದು ತಾಯಿಯ ಗದ್ದ ಹಿಡಿದು ಬೇಡಿಕೊಂಡ. ಗುರುಲಿಂಗಮ್ಮ ಮಗನ ಮುಖವನ್ನು ಮರುಕದಿಂದ ನೋಡಿದಳು.

"ಖರೇನ ಶ್ಯಾಣ್ಯಾ ಇದ್ದಿ ನೋಡು," ಎಂದಳು. "ತೆಗೆದದ್ದು ಗ್ವಾಡಿಗಿ ಹಾಕ್ತಿ. ನಾಳಿ ಭಾವನೋರು ಮನಿಗಿ ಬಂದು ಅದರ ಮುಂದ ಕುಂದ್ರತಾರ. ಆಗ ಅದರಾಗಿನ ಸೆರಗು ಯಾರು ಎಳೀತಾರಪ್ಪ, ನೀ ಎಳೀತಿಯೇನು?"

ಸೂಗಪ್ಪ ಆ ಫೋಟೋವನ್ನೇ ಕೈಗೆತ್ತಿಕೊಂಡು ಎದ್ದ. ಮೊಳೆ ಹುಡುಕಲು ಒಳಗೆ ಹೋದ.