ಸೀದಾ ಮಾಡಿಸಿದ ದೋಣಿಗಾಡಿ

ನನಗೊಂದು ಹಳೆಯ ಕಾಯಿಲೆಯಿದೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದ್ದರ ಫಲವಿರಬೇಕು. ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಯಾರಾದರೂ ಮುಡಬಿ ಬಸ್ಸು ಎಷ್ಟೊತ್ತಿಗೆ ಎಂದರೆ, ನಾನು ಯಾವುದೋ ಒಂದು ಹೊತ್ತು ಹೇಳಿಯೇಬಿಡುತ್ತೇನೆ. ಆಮೇಲೆ ಅವರ ಕಣ್ಣಿಗೆ ಬೀಳದಂತೆ ಕಂಬದ ಆಚೆ ಹೋಗಿ ನನ್ನ ಬಸ್ಸಿಗೆ ಕಾಯುತ್ತೇನೆ. ಇಷ್ಟು ವರ್ಷ ಈ ಕಾಯಿಲೆಯಿಂದ ಬೇರೆಯವರಿಗಷ್ಟೇ ತೊಂದರೆಯಾಗುತ್ತಿತ್ತು. ಹೋದ ವರ್ಷ ಅದು ನನ್ನ ಅಂಗಳಕ್ಕೇ ಬಂತು.

ಅಂಗಳದಲ್ಲಿ ಒಂದು ದೋಣಿ ಇತ್ತು. ಜೋಳ, ತೊಗರಿ ಬೆಳೆಯುವ ಸೀಮೆಯಲ್ಲಿ ಮೇಷ್ಟರಿಗೆ ದೋಣಿ ಯಾಕೆ ಎಂದು ಕೇಳಬೇಡಿ, ಕೇಳಿದರೆ ಹೇಳಿಬಿಡುತ್ತೇನೆ. ಕೆರೆಯಲ್ಲಿ ಮೀನು ಹಿಡಿಸುತ್ತಿದ್ದ ಗೆಳೆಯನೊಬ್ಬ ಲಾತೂರಿಗೆ ಹೋಗಿ ನೆಲೆಸುವಾಗ, “ಇಟ್ಕೊಳ್ರಿ ಮಾಸ್ತರ್, ನಿಮಗ ದೋಣಿ ಬಗ್ಗೆ ಭಾಳ ತಿಳೀತದ” ಎಂದು ಬಿಟ್ಟುಹೋದದ್ದು. ಆ ಒಂದು ಮಾತಿಗೆ ನಾನು ಕರಗಿಹೋದೆ. ದೋಣಿಯ ಜೊತೆಗೇ ಅದನ್ನು ಹೊತ್ತು ಸಾಗಿಸುವ ಎರಡು ಗಾಲಿಯ ಕಬ್ಬಿಣದ ಗಾಡಿಯೂ ಬಂತು. ಆರು ವರ್ಷ ದೋಣಿ ಆ ಗಾಡಿಯಿಂದ ಇಳಿಯಲಿಲ್ಲ. ಅದಕ್ಕೆ ತಾಗಿದ ನೀರೆಂದರೆ ಮಳೆಯದೊಂದೇ. ಗಾಲಿಗಳು ಗಾಳಿ ಬಿಟ್ಟು ನೆಲಕ್ಕೆ ಕೂತವು, ಗಾಡಿ ತುಕ್ಕು ಹಿಡಿದು ಮುಟ್ಟಿದರೆ ಉದುರತೊಡಗಿತು. ನನ್ನ ಹೆಂಡತಿ ಮಹಾದೇವಿ ದೋಣಿಯೊಳಗೆ ಮೆಣಸಿನಕಾಯಿ ಒಣಗಿಸುತ್ತಿದ್ದಳು.

ಅಷ್ಟರಲ್ಲಿ ಅವಳು ಇಬ್ಬರು ಗೆಳತಿಯರ ಜೊತೆ ಸೇರಿ ಖಡಕ್ ರೊಟ್ಟಿ ಮಾಡಿ ಮಾರಲು ಶುರುಮಾಡಿದಳು. ಅಡುಗೆಮನೆ ಸಾಲದಾಯಿತು. ದೋಣಿ ನಿಂತ ಜಾಗದಲ್ಲೇ ರೊಟ್ಟಿಯ ಶೆಡ್ಡು ಎಂದು ತೀರ್ಮಾನವಾಯಿತು, ನನ್ನನ್ನು ಕೇಳದೆ. “ಸೋಮವಾರ ಶೆಡ್ಡಿನ ತಗಡು ಬರ್ತಾವ. ಅಷ್ಟರಾಗ ಅಂಗಳ ಖಾಲಿ ಆಗಬೇಕ್ ನೋಡ್ರಿ. ಇಲ್ಲಂದ್ರ ನಾ ಆ ದೋಣ್ಯಾಗೇ ಒಲಿ ಹಚ್ಚತೀನಿ” ಎಂದಳು. ಹಚ್ಚುವ ಹೆಂಗಸೇ ಅವಳು.

ಹುಡಗಿ ಎಂಬ ಊರಿನಲ್ಲಿ ಹೊಲ ಮಾಡಿಕೊಂಡಿರುವ ಅವಳ ತಮ್ಮ ಶಿವರಾಜ, ತನ್ನ ಕೃಷಿಹೊಂಡದ ಪಕ್ಕ ದೋಣಿ ಇಟ್ಟುಕೊಳ್ಳಲು ಒಪ್ಪಿದ. “ಮಾಮಾ, ನನ್ನ ಕಬ್ಬಿನ ಟ್ರಾಲ್ಯಾಗ ಡಬ್ಬ ಹಾಕ್ಕೊಂಡು ಹೋಗ್ತೀನಿ ಬಿಡ್ರಿ” ಎಂದ. ದೋಣಿಗೆಂದೇ ಮಾಡಿದ ಗಾಡಿ ಇರುವಾಗ ಕಬ್ಬಿನ ಟ್ರಾಲಿಯಲ್ಲಿ, ಅದೂ ಮಗುಚಿ ಹಾಕಿಕೊಂಡೇ? ದೋಣಿಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದೆ. ದೋಣಿಶಾಸ್ತ್ರ ಎಂಬುದೊಂದಿದೆಯೆಂದು ನನಗೂ ಆಗಲೇ ತಿಳಿದದ್ದು.

ಓಣಿಯ ಎಂಟು ಜನ ದೋಣಿಯನ್ನು ಇಳಿಸಿ ಇಟ್ಟಂಗಿಯ ಮೇಲೆ ಕೂರಿಸಿದರು. ಗಾಡಿ ಶಿವರಾಜನ ಟ್ರ್ಯಾಕ್ಟರಿನ ಹಿಂದೆ ಕುಂಟುತ್ತಾ ಹುಮನಾಬಾದಿನ ಖಾಜಾ ಮಿಸ್ತ್ರಿಯ ವೆಲ್ಡಿಂಗ್ ಅಂಗಡಿಗೆ ಹೋಯಿತು. ಖಾಜಾ ಮಿಸ್ತ್ರಿ ಜನ್ಮವೆಲ್ಲ ಟ್ರ್ಯಾಕ್ಟರ್ ಟ್ರಾಲಿ ಮಾಡಿದವರು. ಗಾಡಿಯ ಸುತ್ತ ಎರಡು ಸಲ ತಿರುಗಿ ಸುತ್ತಿಗೆಯಿಂದ ತಟ್ಟಿ, “ಅರ್ಧಾ ಕಬ್ಬಿಣ ಜಂಗ್ ತಿಂದಾದ್ರಿ. ಆದ್ರೂ ಮಜಬೂತ್ ಮಾಡಿಕೊಡ್ತೀನಿ. ಒಂದ್ ಕೇಳ್ತೀನಿ ಮಾಸ್ತರ್, ಈ ನಾಕೂ ಅಡ್ಡಪಟ್ಟಿ ನಡುವ ಕೆಳಗ ಬಾಗ್ಯಾವಲ್ಲ, ಯಾಕ್ರಿ?” ಎಂದರು.

ಆರು ವರ್ಷ ನೋಡಿದ್ದೆ, ಒಮ್ಮೆಯೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ‘ಗೊತ್ತಿಲ್ಲ’ ಗಂಟಲತನಕ ಬಂದಿತ್ತು. ಆದರೆ ಚಹಾ ಕುಡಿಯುತ್ತಾ ಕೂತಿದ್ದ ಇಬ್ಬರು ಗಿರಾಕಿಗಳು ನನ್ನ ಬಾಯನ್ನೇ ನೋಡುತ್ತಿದ್ದರು. “ಆರು ವರ್ಷ ಭಾರ ಹೊತ್ತಾವಲ್ಲ ಮಿಸ್ತ್ರಿ, ಬಾಗಿ ಕುಂತಾವ. ಸೀದಾ ಮಾಡಿಬಿಡ್ರಿ” ಎಂದೆ. ಗಿರಾಕಿಗಳು ತಲೆದೂಗಿದರು. ನನ್ನ ಉತ್ತರ ನನಗೂ ಬಹಳ ಹಿಡಿಸಿತು.

ಭಾನುವಾರ ಗಾಡಿ ಮದುವಣಗಿತ್ತಿಯಂತೆ ಬಂತು. ಹಸಿರು ಬಣ್ಣ, ಹೊಸ ಟಯರು, ಹಿಂದೆ ಕೆಂಪು ರೇಡಿಯಂ. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಅದೇ ಎಂಟು ಜನ ದೋಣಿ ಎತ್ತಿ ಮೇಲಿಟ್ಟರು. ಕೈ ಸಡಿಲಿಸಿದರೆ ದೋಣಿ ಬಲಕ್ಕೆ ವಾಲಿತು. ಆ ಕಡೆಯವರು ತಳ್ಳಿದರೆ ಎಡಕ್ಕೆ ವಾಲಿತು. ದೋಣಿಯ ಹೊಟ್ಟೆ ಗುಂಡಗಿರುತ್ತದೆ. ಆ ಹೊಟ್ಟೆ ಕೂರಲೆಂದೇ ಪಟ್ಟಿಗಳನ್ನು ಬಾಗಿಸಿ ಮಾಡಿದ್ದರು. ಈಗ ಅವು ರೊಟ್ಟಿ ತಟ್ಟುವ ಕಲ್ಲಿನಷ್ಟು ಸಪಾಟಾಗಿದ್ದವು.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿ, “ಏನ್ ಮಿಸ್ತ್ರಿ, ಗಾಡೀನೇ ಕೆಡಿಸಿಟ್ರಿ!” ಎಂದು ಕೂಗಾಡಿದೆ. ಖಾಜಾ ಮಿಸ್ತ್ರಿ ಸಾವಕಾಶ ಹೇಳಿದರು, “ಯಾಕ ಬಾಗ್ಯಾವಂತ ನಾ ಕೇಳಿದ್ನಲ್ರಿ ಮಾಸ್ತರ್. ಭಾರಕ್ಕ ಬಾಗ್ಯಾವ, ಸೀದಾ ಮಾಡ್ರಿ ಅಂದ್ರಿ. ನೀವು ಓದಿದವ್ರು, ನಂಬಿದೆ.”

ದೋಣಿ ಹಿಡಿದು ನಿಂತ ಎಂಟೂ ಜನ ಕೇಳಿಸಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ‘ನಂಬಿದೆ’ ಎಂಬ ಮಾತಿಗೆ ನಾಚಿಕೆಯಿಂದ ನೆಲ ನೋಡುವಂತಾಯಿತು. ಶಿವರಾಜನ ಟ್ರಾಲಿ ಅವನ ಊರಲ್ಲೇ ಇತ್ತು, ಅವನು ಹೋಗಿ ಇಲ್ಲೇ ಯಾರದೋ ಕಬ್ಬಿನ ಟ್ರಾಲಿ ಕೇಳಿ ತಂದ. ದೋಣಿಯನ್ನು ಡಬ್ಬ ಹಾಕಿಕೊಂಡು ಹತ್ತೇ ನಿಮಿಷದಲ್ಲಿ ಹುಡಗಿಯ ದಾರಿ ಹಿಡಿದ. ದೋಣಿಶಾಸ್ತ್ರ ಸುಮ್ಮನೆ ನೋಡುತ್ತಾ ನಿಂತಿತ್ತು.

ಸೋಮವಾರ ಶೆಡ್ಡು ಎದ್ದಿತು. ಮಹಾದೇವಿ ಹಸಿರು ಗಾಡಿಯ ಪಟ್ಟಿಯ ಮೇಲೆ ಕೈಯಾಡಿಸಿ, “ಎಷ್ಟ ಚಂದ ಸಪಾಟ ಆಗ್ಯಾದ್ರೀ! ಹಲಗಿ ಹಾಕಿದ್ರ ರೊಟ್ಟಿ ಬುಟ್ಟಿ ಒಂದೂ ಉರುಳೂದಿಲ್ಲ” ಎಂದಳು. ಅಲ್ಲಿಗೆ ಗಾಡಿಯೂ ಅವಳದಾಯಿತು. ಈಗ ಅದು ಬಾಡಿಗೆ ಜೀಪಿನ ಹಿಂದೆ ಚಿಟಗುಪ್ಪ, ಹುಮನಾಬಾದ್ ಸಂತೆಗೆ ಹೋಗುತ್ತದೆ. ಬುಟ್ಟಿ ಇಳಿಸಲು ನಾನೂ ಹೋಗುತ್ತೇನೆ.

ಮೊನ್ನೆ ಹುಮನಾಬಾದ್ ಸಂತೆಯಲ್ಲಿ ಮುಡಬಿಯ ರೈತರೊಬ್ಬರು ಬಗ್ಗಿ ಗಾಡಿಯ ಅಡಿಯನ್ನೆಲ್ಲ ನೋಡಿ, “ಇಂಥಾ ಗಾಡಿ ಎಲ್ಲೂ ನೋಡಿಲ್ರಿ. ಯಾರ್ ಮಾಡಿಸಿದ್ದು?” ಎಂದರು. ಮಹಾದೇವಿ ರೊಟ್ಟಿ ಎಣಿಸುತ್ತಾ ತಲೆ ಎತ್ತದೆ, “ನಮ್ಮ ಮನಿಯವ್ರೇ ಹೇಳಿ ಮಾಡಿಸ್ಯಾರ್ರಿ. ಕೇಳ್ರಿ ಅವರನ್ನ, ಎಲ್ಲಾ ಹೇಳ್ತಾರ” ಎಂದಳು. ಅವರು ನನ್ನ ಕಡೆ ತಿರುಗಿದರು. ಇಂದಾದರೂ ನಿಜ ಹೇಳಿ ಹಗುರಾಗಬೇಕು ಎಂದು ನಾನು ಬಾಯಿ ತೆರೆದೆ.

“ರೊಟ್ಟಿ ಗಾಡಿಗೂ ಒಂದು ಶಾಸ್ತ್ರ ಅದ ನೋಡ್ರಿ” ಎಂದಿತು ಬಾಯಿ. ಶಾಸ್ತ್ರ ಮುಗಿಯುವಷ್ಟರಲ್ಲಿ ಪಾಪ, ಅವರ ಬಸ್ಸು ತಪ್ಪಿತ್ತು. ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಅದನ್ನೂ ಹೇಳಿ ಕಳಿಸಿದೆ.